ಅಜ್ಜನ ಎರಡು ಶಾಸ್ತ್ರಗಳು

ನನ್ನ ತಮ್ಮ ಶ್ರೀಧರನ ಪುಣೆಯ ಹಿಂಜವಾಡಿಯ ಫ್ಲ್ಯಾಟಿನಲ್ಲಿ, ಟೀವಿಯ ಮೇಲ್ಗಡೆ, ನಮ್ಮ ಅಜ್ಜನ ಒಂದು ಫೋಟೋ ಇದೆ. ಹೆಗಲ ಮೇಲೆ ಜರಿಯ ಶಾಲು, ಕೈಯಲ್ಲಿ ತೆಂಗಿನಕಾಯಿ, ಹಣೆಯ ಮೇಲೆ ಅಕ್ಷತೆ, ಮುಖದ ಮೇಲೆ ಎಲ್ಲವನ್ನೂ ತಿಳಿದವನ ಶಾಂತಿ. ಪುಣೆಯ ಕನ್ನಡದವರು ಸೇರಿ ಸನ್ಮಾನ ಮಾಡಿದಾಗ ತೆಗೆದದ್ದು. ಮನೆಗೆ ಯಾರು ಬಂದರೂ ಶ್ರೀಧರ ಅವರನ್ನು ಅದರ ಮುಂದೆ ನಿಲ್ಲಿಸುತ್ತಾನೆ.

“ನೋಡ್ರಿ, ಆ ಕಾಲದಾಗ ಮೊಮ್ಮಗಳಿಗೆ ಸಣ್ಣ ವಯಸ್ಸಿನಾಗ ಲಗ್ನಾ ಮಾಡಂಗಿಲ್ಲ ಅಂತ ಶಾಸ್ತ್ರದ ಆಧಾರ ಕೊಟ್ಟು ನಿಂತವರು ಇವರು.”

ನಾನು ಅಲ್ಲೇ ಸೋಫಾದ ಮೇಲೆ ಕೂತು ಚಹಾ ಕುಡಿಯುತ್ತಿರುತ್ತೇನೆ. ಬಂದವರು ಹೌದಾ ಎಂದು ಕಣ್ಣರಳಿಸುತ್ತಾರೆ. ನನ್ನ ಮೈ ಉರಿಯುತ್ತದೆ. ಶ್ರೀಧರ ಸುಳ್ಳುಗಾರನಲ್ಲ, ಆಗ ಅವನು ಅವ್ವನ ಸೊಂಟದ ಮೇಲಿದ್ದ ಕೂಸು, ದೊಡ್ಡವನಾದ ಮೇಲೆ ಮನೆಯವರು ಹೇಳಿದ್ದನ್ನು ನಂಬಿದ್ದಾನೆ. ವಯಸ್ಸಾದ ಹಾಗೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನಗೆ ಎಪ್ಪತ್ತು ದಾಟಿತು, ಇಳಿದಿಲ್ಲ. ಮಂಡಿ ನೋವು ಬಂತು, ಸಕ್ಕರೆ ಕಾಯಿಲೆ ಬಂತು, ಸಿಟ್ಟು ಮಾತ್ರ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ಎಷ್ಟಿತ್ತೋ ಅಷ್ಟೇ ಇದೆ. ಬರೆಯುವಾಗ ಅಜ್ಜನಿಗೆ ಬಹುವಚನ ಹಚ್ಚಲು ನನ್ನ ಕೈ ಏಳುತ್ತಿಲ್ಲ, ಓದುವವರು ಕ್ಷಮಿಸಬೇಕು, ಅಥವಾ ಬೇಡ.

ನಾವಿದ್ದದ್ದು ಶನಿವಾರ ಪೇಠೆಯ ಒಂದು ಹಳೆಯ ವಾಡೆಯಲ್ಲಿ. ನಡುವೆ ಕಲ್ಲುಹಾಸಿನ ಅಂಗಳ, ಸುತ್ತ ಬಾಡಿಗೆಯ ಸಂಸಾರಗಳು, ಎಲ್ಲರಿಗೂ ಸೇರಿ ಒಂದೇ ನಳ. ಉಳಿದವರೆಲ್ಲ ಮರಾಠಿಯವರು, ವಿಜಾಪುರದ ಕಡೆಯಿಂದ ಬಂದ ನಮ್ಮದೊಂದೇ ಕನ್ನಡದ ಮನೆ. ಹೊಸ್ತಿಲ ಆಚೆ ಮರಾಠಿ, ಈಚೆ ಕನ್ನಡ. ನಮಗೆ ಮಕ್ಕಳಿಗೆ ಎರಡರ ನಡುವೆ ಹಾರುವುದು ಕುಂಟಾಟದಷ್ಟೇ ಸಲೀಸು. ನಮ್ಮ ಪಾಲಿನ ಕೋಣೆಗಳು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಇದ್ದವು: ಮುಂದೆ ಪಡಸಾಲೆ, ಆಮೇಲೆ ನಡುಮನೆ, ಆಮೇಲೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ದೇವರ ಕೋಣೆ, ಕೊನೆಗೆ ಹಿಂದಿನ ಜಗಲಿ. ಬಾಗಿಲಿಗೆ ಬಾಗಿಲು ಎದುರು. ಪಡಸಾಲೆಯಲ್ಲಿ ಕೂತವರಿಗೆ ಜಗಲಿಯ ಮೂಲೆ ನೇರ ಕಾಣುತ್ತಿತ್ತು. ಆ ಮೂಲೆಯಲ್ಲಿ ಒಂದು ಚಾಪೆ, ಒಂದು ತಂಬಿಗೆ, ಒಂದು ತಾಟು. ಅದು ಹೊರಗಾದ ಹೆಂಗಸರ ಜಾಗ. ತಿಂಗಳಿಗೆ ಮೂರು ದಿನ ಅವ್ವ ಅಲ್ಲಿ ಕೂರುತ್ತಿದ್ದಳು. ಅವಳನ್ನು ಯಾರೂ ಮುಟ್ಟುವಂತಿಲ್ಲ, ಅವಳು ಏನನ್ನೂ ಮುಟ್ಟುವಂತಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರೆ ಮತ್ತೆ ಒಲೆ, ಮತ್ತೆ ರೊಟ್ಟಿ.

ಅಜ್ಜ ವೈದಿಕ. ಊರಿನಲ್ಲಿ ಪಾಠಶಾಲೆಯಲ್ಲಿ ಕಲಿತವನು. ಬೆಳಗಿನ ಪೂಜೆ ಮುಗಿಸಿ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತರೆ ಮಧ್ಯಾಹ್ನದವರೆಗೆ ಜನ ಬರುತ್ತಿದ್ದರು. ಮುಹೂರ್ತ ಕೇಳುವವರು, ಜಾತಕ ತೋರಿಸುವವರು, ಸೂತಕ ಎಷ್ಟು ದಿನ ಎಂದು ತಕರಾರು ಹತ್ತಿದ ಅಣ್ಣತಮ್ಮಂದಿರು. ನಮ್ಮ ಕಡೆಯ ವ್ಯಾಪಾರಸ್ಥರು, ಕಚೇರಿಯ ಕಾರಕೂನರು, ಹೋಟೆಲು ಇಟ್ಟ ಕರಾವಳಿಯವರು, ಎಲ್ಲರೂ. ಅಜ್ಜನ ನೆನಪಿನ ಶಕ್ತಿ ದೊಡ್ಡದು, ಆ ಬಗ್ಗೆ ಅವನ ಜಂಬ ಅದಕ್ಕಿಂತ ದೊಡ್ಡದು. ಪುಸ್ತಕ ತೆರೆಯದೆ ಗಂಟೆಗಟ್ಟಲೆ ಹೇಳುತ್ತಿದ್ದ. ಯಾವುದನ್ನು ಯಾವ ವಯಸ್ಸಿಗೆ ಬಾಯಿಪಾಠ ಮಾಡಿದೆ ಎನ್ನುವುದನ್ನೂ ಜೊತೆಗೆ ಹೇಳದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ.

ಹೆಣ್ಣುಮಕ್ಕಳ ವಯಸ್ಸಿನ ಬಗ್ಗೆ ಅವನ ಶಾಸ್ತ್ರ ಖಚಿತವಾಗಿತ್ತು. ಎಂಟು ವರ್ಷದವಳು ಗೌರಿ. ಒಂಬತ್ತಕ್ಕೆ ರೋಹಿಣಿ. ಹತ್ತಕ್ಕೆ ಕನ್ಯೆ. ಅಷ್ಟರೊಳಗೆ ಧಾರೆ ಎರೆದು ಕೊಟ್ಟರೆ ಪುಣ್ಯ, ಅದರಲ್ಲೂ ಮೊದಮೊದಲು ಕೊಟ್ಟಷ್ಟೂ ಹೆಚ್ಚು ಪುಣ್ಯ. ಅದು ದಾಟಿದರೆ ಅವಳಿಗೆ ಹೆಸರೂ ಇಲ್ಲ, ಬರೀ ದೋಷ. ಹುಡುಗಿ ತವರಿನಲ್ಲೇ ದೊಡ್ಡವಳಾದರೆ ಅಪ್ಪ, ಅವ್ವ, ಅಣ್ಣ ಎಲ್ಲರೂ ನರಕಕ್ಕೆ. ನನಗೆ ಒಂಬತ್ತು ತುಂಬಿದ ದಿನ ಅಜ್ಜ ನನ್ನನ್ನು ಪದ್ಮಾ ಅನ್ನದೆ ರೋಹಿಣಿ ಎಂದು ಕರೆದು ನಕ್ಕ. ನಾನೂ ನಕ್ಕೆ, ಏನೋ ಬಹುಮಾನ ಸಿಕ್ಕಂತೆ. ಅಡುಗೆಮನೆಯಲ್ಲಿ ಅವ್ವ ನಗಲಿಲ್ಲ. ನನ್ನ ಅಕ್ಕ ಸುಮಿತ್ರಾ, ನಮ್ಮ ಸುಮಿ, ಆಗ ಹನ್ನೆರಡು ದಾಟಿದ್ದಳು. ಅಜ್ಜ ಅವಳನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. “ಏ ಇಕಿ” ಅನ್ನುತ್ತಿದ್ದ.

ಈ ಶಾಸ್ತ್ರ ಸರಿಯೋ ತಪ್ಪೋ ನೋಡಲು ನಾವು ಬಹಳ ದೂರ ಹೋಗಬೇಕಾಗಿರಲಿಲ್ಲ. ಅದು ನಮ್ಮ ಅಡುಗೆಮನೆಯಲ್ಲೇ ಕೆಂಪು ಸೀರೆ ಉಟ್ಟು, ಬೋಳಿಸಿದ ತಲೆಯ ಮೇಲೆ ಸೆರಗು ಹೊದ್ದು, ಬೆಳಗಾಗುವ ಮೊದಲೇ ಮಡಿನೀರು ತಂದು ಅಡುಗೆ ಮಾಡುತ್ತಿತ್ತು. ಅತ್ಯಾ, ಅಂದರೆ ಅಜ್ಜನ ಹಿರಿಯ ಮಗಳು, ನಮ್ಮಪ್ಪನ ಅಕ್ಕ. ಹೆಸರು ಅಂಬಾ. ಎಂಟಕ್ಕೆ ಮದುವೆ, ಹನ್ನೊಂದಕ್ಕೆ ವಿಧವೆ. ಗಂಡನನ್ನು ನೋಡಿದ್ದು ಮದುವೆಯಲ್ಲಿ ಒಮ್ಮೆ, ದೀಪಾವಳಿಗೆ ಒಮ್ಮೆ. ಮದುವೆಯ ದಿನ ಅವಳ ಮಣಿಕಟ್ಟು ಎಷ್ಟು ಸಣ್ಣದಿತ್ತೆಂದರೆ ಊರಿನಲ್ಲಿದ್ದ ಅತಿ ಚಿಕ್ಕ ಬಳೆಯೂ ಜಾರಿ ಬೀಳುತ್ತಿತ್ತಂತೆ, ಬಳೆಗಾರ ದಾರ ಸುತ್ತಿ ನಿಲ್ಲಿಸಿದನಂತೆ. ಅತ್ಯಾ ಅದನ್ನು ನಮಗೆ ನಗುತ್ತ ಹೇಳುತ್ತಿದ್ದಳು. ದಾರ ಸುತ್ತಿದ ಆ ಬಳೆಗಳನ್ನು ಮೂರು ವರ್ಷದ ಮೇಲೆ ಯಾರು ಒಡೆದರು ಎಂದು ಹೇಳುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ. ಹಬ್ಬ ಹರಿದಿನಕ್ಕೆ, ಮುತ್ತೈದೆಯರು ಬಂದಾಗ, ಪಡಸಾಲೆಗೆ ಜನ ಬಂದಾಗ ಅವಳು ಹೊರಗೆ ಬರುವಂತಿರಲಿಲ್ಲ. ಆ ಮನೆಯಲ್ಲಿ ಅವಳ ಜಗತ್ತು ಒಲೆಯಿಂದ ದೇವರ ಕೋಣೆಯವರೆಗೆ.

ಸುಮಿಯ ಮದುವೆ ತಡವಾಗಿದ್ದಕ್ಕೆ ಒಂದೇ ಕಾರಣ, ನಮ್ಮಪ್ಪನ ಅಂಜಿಕೆ. ಅಪ್ಪ ಖಡಕಿಯಲ್ಲಿ ಸರಕಾರಿ ಗುಮಾಸ್ತ. ದಿನಾ ಸೈಕಲ್ಲು ತುಳಿದು ಹೋಗಿ ಬರುತ್ತಿದ್ದ, ಮನೆಯಲ್ಲಿ ಅಜ್ಜನ ಮುಂದೆ ತಲೆ ಎತ್ತುತ್ತಿರಲಿಲ್ಲ. ಅವನು ಒಂದೇ ಒಂದು ಸಲ ಬಾಯಿ ಬಿಟ್ಟದ್ದು ಊಟದ ಪಂಕ್ತಿಯಲ್ಲಿ. ಅತ್ಯಾ ತವ್ವಿ ಬಡಿಸುತ್ತಿದ್ದಳು, ನಾವು ಹುಡುಗಿಯರು ನಮ್ಮ ಸರದಿ ಕಾಯುತ್ತ ನಡುಮನೆಯ ಗೋಡೆಗೆ ಒರಗಿ ಕೂತಿದ್ದೆವು.

“ಅಪ್ಪಾ, ಕಾಯ್ದೆ ಹದಿನೈದು ಅಂತದ ನೋಡ್ರಿ. ನಂದು ಸರಕಾರದ ನೌಕರಿ.”

“ಕಾಯ್ದೆ ನನಗ ಹೇಳಬ್ಯಾಡ. ಇಂಗ್ರೇಜರು ಮೊದಲ ಹತ್ತು ಅಂದ್ರು. ನಮ್ಮಪ್ಪಾರ ಕಾಲಕ್ಕ ಹನ್ನೆರಡು ಅಂದ್ರು, ಇದ ಪುಣೇದಾಗ ಎಷ್ಟು ಗದ್ದಲಾತು ಕೇಳೀಯಿಲ್ಲೋ? ಆಮ್ಯಾಲ ಹದಿನಾಕು. ಈಗ ಹದಿನೈದು. ನಾಳೆ ಇಪ್ಪತ್ತು ಅಂತಾರ. ಹಿಂಗ ದಿನಾ ಬದಲಾಗೋದಕ್ಕ ಧರ್ಮ ಅಂತಾರೇನು?”

“ಹಂಗಲ್ಲರಿ...”

“ಧರ್ಮ ಬದಲಾಗಂಗಿಲ್ಲ. ಉಣ್ಣು.”

ಅಪ್ಪ ಉಂಡ. ನಾನು ಇದನ್ನು ಬರೆಯುವಾಗಲೂ ಅವನ ಬಾಗಿದ ಕುತ್ತಿಗೆ ಕಣ್ಣ ಮುಂದೆ ಬಂದು, ಆ ತಾಟನ್ನು ಎತ್ತಿ ಒಗೆಯಬೇಕು ಅನ್ನಿಸುತ್ತದೆ.

ಬದಲಾಗುವುದಿಲ್ಲವಂತೆ. ನಾನು ಮುಂದೆ ಸಂಸ್ಕೃತ ಕಲಿತೆ, ಹೆಣ್ಣುಮಕ್ಕಳ ಶಾಲೆಯಲ್ಲಿ ನಿವೃತ್ತಿಯಾಗುವವರೆಗೆ ಕಲಿಸಿದೆ. ಭಾಷೆಯ ಮೇಲಿನ ಪ್ರೀತಿಯಿಂದ ಕಲಿತೆ ಎಂದು ಬೀಳ್ಕೊಡುಗೆಯ ದಿನ ಎಲ್ಲರೂ ಹೊಗಳಿದರು. ಪ್ರೀತಿ ಆಮೇಲೆ ಬಂತು. ನಾನು ಕಲಿತದ್ದು ಸೇಡಿಗೆ. ಅಜ್ಜ ತೀರಿದ ಮೇಲೆ ಅವನ ಪುಸ್ತಕಗಳನ್ನೇ ಬಿಚ್ಚಿಕೊಂಡು ಕೂತೆ. ಎಲ್ಲಕ್ಕಿಂತ ಹಳೆಯ ಮದುವೆಯ ಮಂತ್ರಗಳಲ್ಲಿ ವಧುವಿಗೆ, ಹೋಗು, ಅತ್ತೆ ಮಾವಂದಿರ ಮನೆಯಲ್ಲಿ ರಾಣಿಯ ಹಾಗೆ ಆಳು ಎಂದು ಹೇಳುತ್ತಾರೆ. ಬಳೆ ಜಾರುವ ಎಂಟು ವರ್ಷದ ಕೂಸಿಗೆ ಹೇಳುವ ಮಾತೇ ಅದು? ಮದುವೆಯಾದ ನಾಲ್ಕನೆಯ ರಾತ್ರಿ ಗಂಡಹೆಂಡತಿ ಕೂಡುವ ವಿಧಿಯೂ ಹಳೆಯದೇ. ದೊಡ್ಡ ಹುಡುಗಿಯಲ್ಲದೆ ಮತ್ಯಾರಿಗೆ ಅದು? ಆಮೇಲೆ ಬಂದ ಸೂತ್ರಕಾರರು, ಇನ್ನೂ ಬತ್ತಲೆ ಓಡಾಡುವಷ್ಟು ಸಣ್ಣವಳನ್ನು ಕೊಟ್ಟರೆ ಉತ್ತಮ ಎಂದು ಶುರು ಮಾಡಿದರು. ಅವರ ಹಿಂದೆ ಬಂದ ಸ್ಮೃತಿಕಾರರು ಹತ್ತು, ಒಂಬತ್ತು, ಎಂಟು ಎಂದು ಇಳಿಸಿದರು, ಅಷ್ಟರೊಳಗೆ ಕೊಡದ ಅಪ್ಪನಿಗೆ ನರಕ ತೋರಿಸಿದರು. ದೊಡ್ಡವಳಾದ ಮೇಲೆ ಹುಡುಗಿ ಮೂರು ತಿಂಗಳು ಕಾಯಬಹುದು ಎಂದು ಒಬ್ಬ ಅನ್ನುತ್ತಾನೆ, ಇನ್ನೊಬ್ಬ ಮೂರು ವರ್ಷ ಅನ್ನುತ್ತಾನೆ. ಒಂದೇ ಸ್ಮೃತಿಯೊಳಗೇ ಒಂದು ಕಡೆ ಮೂವತ್ತರ ಗಂಡಿಗೆ ಹನ್ನೆರಡರ ಹುಡುಗಿ, ನಾಲ್ಕೆಂಟು ಶ್ಲೋಕ ಹಿಂದೆ ಹೋದರೆ ಹುಡುಗಿಯೇ ಕಾದು ಆರಿಸಿಕೊಳ್ಳಲಿ ಎಂಬ ಮಾತು. ಸರಕಾರದ ಕಾಯ್ದೆಯಾದರೂ ಏರುತ್ತ ಬಂತು, ಇವರ ಧರ್ಮ ಇಳಿಯುತ್ತ ಬಂತು. ಇವು ಯಾವುವೂ ಅಜ್ಜನಿಗೆ ತಿಳಿಯದ ಸಂಗತಿಗಳಲ್ಲ. ಅವನ ಕೈಯ ಗುರುತುಗಳು ಆ ಪುಟಗಳ ಅಂಚಿನಲ್ಲಿದ್ದವು.

ಆ ವರ್ಷ ಅವ್ವ ತಿಂಗಳಿಗೆ ಎರಡೆರಡು ಸಲ ಹೊರಗೆ ಕೂರತೊಡಗಿದಳು. ನನಗೆ ಮೊದಲು ತಿಳಿಯಲಿಲ್ಲ. ವಾಡೆಯ ಮೇಲಿನ ಮಹಡಿಯ ಮರಾಠಿ ಕಾಕೂ ನೀರು ತುಂಬುವಾಗ ಹಿಂದಿನ ಜಗಲಿಯತ್ತ ಇಣುಕಿ, ಹೊರಗಾದದ್ದಕ್ಕೆ ಅವರ ಕಡೆ ಆಡುವ ಮಾತಿನಲ್ಲಿ, ಮತ್ತೆ ಕಾಗೆ ಮುಟ್ಟಿತೇನೇ ಎಂದು ಕೇಳಿದಳು.

“ಕಾಯ್ ಗ, ಪುನ್ಹಾ ಕಾವಳಾ ಶಿವಲಾ?”

ಅವ್ವ ತಲೆ ತಗ್ಗಿಸಿ ಹೌದೆಂದಳು. ಸುಮಿ ಅವಳಿಗೆ ಊಟ ಕೊಂಡೊಯ್ಯುವ ನೆಪದಲ್ಲಿ ಜಗಲಿಗೆ ಹೋಗಿ ಬಹಳ ಹೊತ್ತು ಬರುತ್ತಿರಲಿಲ್ಲ. ಶಾಲೆಯ ಬಟ್ಟೆ ಮೈಲಿಗೆ ಎಂದು ದೇವರ ಕೋಣೆಯ ಹತ್ತಿರ ಸುಳಿಯುತ್ತಿರಲಿಲ್ಲ. ಜಗಲಿಯ ಹಗ್ಗದ ಮೇಲೆ ಒಣಗುವ ಬಟ್ಟೆಗಳು ಸುಮಿಯವು, ಚಾಪೆಯ ಮೇಲೆ ಕೂತವಳು ಅವ್ವ. ಮಗಳ ದಿನಗಳನ್ನು ತಾಯಿ ತನ್ನ ಹೆಸರಿನಲ್ಲಿ ಕಳೆಯುತ್ತಿದ್ದಳು. ಅಜ್ಜನಿಗೆ ಗೊತ್ತಾದರೆ ಆ ತಿಂಗಳು ಮುಗಿಯುವುದರೊಳಗೆ, ಎರಡನೆಯ ಸಂಬಂಧದವನೋ ಮುದುಕನೋ, ಹೂಂ ಅಂದವನ ಕೊರಳಿಗೆ ಅವಳನ್ನು ಕಟ್ಟುತ್ತಾನೆಂದು ಅವ್ವನಿಗೆ ಗೊತ್ತಿತ್ತು. ಸುಮಿ ಏಳನೆಯ ಇಯತ್ತೆಯ ಪರೀಕ್ಷೆ ಪಾಸಾಗಲಿ, ಅಷ್ಟಾದರೂ ಆಗಲಿ ಎಂದು ಅವಳ ಲೆಕ್ಕ. ಸೊಸೆಗೆ ಏನೋ ರೋಗ ಹತ್ತಿದೆ ಎಂದುಕೊಂಡ ಅಜ್ಜ, ವೈದ್ಯನಿಂದ ಕಷಾಯ ತರಿಸಿದ. ಇಲ್ಲದ ರೋಗಕ್ಕೆ ಆ ಕಹಿ ಕಷಾಯವನ್ನು ಅವ್ವ ಬೆಳಿಗ್ಗೆ ಸಂಜೆ ಎಲ್ಲರ ಕಣ್ಣೆದುರು ಕುಡಿದಳು. ಅದರ ವಾಸನೆಗೇ ನನಗೆ ವಾಂತಿ ಬರುತ್ತಿತ್ತು.

ಅತ್ಯಾನಿಗೆ ಗೊತ್ತಿತ್ತೇ? ಆ ಜಗಲಿ ದಾಟಿಯೇ ಅವಳು ಮಡಿನೀರಿಗೆ ಹೋಗಬೇಕು. ಒಂದು ದಿನ ಸುಮಿ ಹೊಟ್ಟೆ ಹಿಡಿದುಕೊಂಡು ನಡುಮನೆಯಲ್ಲಿ ಮುದುಡಿ ಮಲಗಿದ್ದಾಗ ಅತ್ಯಾ ದೂರದಿಂದ ನೋಡಿ ನಿಂತಳು, ಆಮೇಲೆ ಬಿಸಿ ಹಾಲಿಗೆ ಬೆಲ್ಲ ಹಾಕಿ ಹೊಸ್ತಿಲಲ್ಲಿ ಇಟ್ಟು ಹೋದಳು.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ರವಿವಾರ ಪೇಠೆಯ ಬಟ್ಟೆ ವ್ಯಾಪಾರಿ ಒಬ್ಬರು ಹಾಪೂಸ್ ಮಾವಿನಹಣ್ಣಿನ ಬುಟ್ಟಿ ಹೊರಿಸಿಕೊಂಡು ಬಂದರು. ಅತ್ಯಾ ಪುರಾಣ ಕೇಳಲು ಮಠಕ್ಕೆ ಹೋಗಿದ್ದಳು. ನಾನು ಪಡಸಾಲೆಯ ಮೂಲೆಯಲ್ಲಿ ಪಾಟಿಯ ಮೇಲೆ ಗಣಿತ ಬಿಡಿಸುತ್ತಿದ್ದೆ. ವ್ಯಾಪಾರಿಯ ಮಗಳಿಗೆ ಹದಿನಾರು. ಓದಿಸಿ ಓದಿಸಿ ತಡವಾಯಿತು, ಈಗ ಒಳ್ಳೆಯ ಸಂಬಂಧ ಬಂದಿದೆ, ಆದರೆ ಮನೆಯ ಹಿರಿಯರು ದೋಷ ಅನ್ನುತ್ತಾರೆ ಎಂದು ಅವರು ಕೈ ಹಿಸುಕಿಕೊಂಡರು.

ಅಜ್ಜ ಕಣ್ಣು ಮುಚ್ಚಿ ಒಂದು ಶ್ಲೋಕ ಹೇಳಿ, ಕಣ್ಣು ತೆರೆದು ನಕ್ಕ.

“ಚಿಂತೀ ಬಿಡ್ರಿ. ಶಾಸ್ತ್ರದಾಗ ಇನ್ನೊಂದು ಮಾತದ. ದೊಡ್ಡಾಕಿ ಆದ ಮ್ಯಾಲೂ ಹುಡುಗಿ ಮೂರು ವರ್ಷ ಹಾದಿ ಕಾಯಬಹುದು. ಆಮ್ಯಾಲ ತನಗ ತಕ್ಕ ವರನ್ನ ತಾನ ಆರಿಸ್ಕೋಬಹುದು. ಗುಣಾ ಇಲ್ಲದವಗ ಕೊಡೋಕಿಂತ ಸಾಯೂತನಕಾ ತವರಮನ್ಯಾಗ ಇದ್ರೂ ಅಡ್ಡಿಯಿಲ್ಲ ಅಂತ ಸ್ಪಷ್ಟ ಹೇಳ್ಯಾರ. ದೋಷ ಎಲ್ಲೀದು?”

ವ್ಯಾಪಾರಿ ಅವನ ಕಾಲಿಗೆ ಬಿದ್ದರು. ನಾನು ಪಾಟಿ ಬಿಟ್ಟು ಒಳಗೋಡಿದೆ. ಅವ್ವ ಅಡುಗೆಮನೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತಿದ್ದಳು.

“ಅವ್ವಾ, ಅವರ ಮಗಳಿಗೆ ಹದಿನಾರಾದ್ರೂ ನಡೀತದಂತ. ಅಜ್ಜನ ಅಂದಾ. ಅಕ್ಕಗ ಯಾಕ ನಡ್ಯಂಗಿಲ್ಲ?”

ಈಳಿಗೆಯ ಮೇಲೆ ಅವಳ ಕೈ ನಿಂತಿತು.

“ಆಕಿ ಅಪ್ಪ ಅಂಗಡಿ ಇಟ್ಟಾಂವ. ನಿಮ್ಮಪ್ಪ ಬರೇ ಮಗಾ. ಹೋಗು, ಬಾಯಿ ಮುಚ್ಚಿಕೊಂಡು ಗಣಿತಾ ಮಾಡು.”

ಅದೇ ವಾರ ಅಜ್ಜ ಸುಮಿಗೆ ಗಂಡು ಗೊತ್ತು ಮಾಡಿದ. ಭೀಮಾ ನದಿಯ ಆಚೆಯ ಹಳ್ಳಿ, ಹುಡುಗನಿಗೆ ಇಪ್ಪತ್ತನಾಲ್ಕು, ಅವನ ಅಪ್ಪ ಅಜ್ಜನ ಪಾಠಶಾಲೆಯ ಗೆಳೆಯ. ಕಡು ಮಡಿಯ ಮನೆ. ದೊಡ್ಡವಳಾದ ಹುಡುಗಿಯನ್ನು ಅವರು ಹೊಸ್ತಿಲು ದಾಟಿಸಿಕೊಳ್ಳುವವರಲ್ಲ. ಮದುವೆ ಅವರ ಹಳ್ಳಿಯಲ್ಲಿ, ಸದ್ದಿಲ್ಲದೆ. ಕಚೇರಿಯಲ್ಲಿ ಕೇಳಿದರೆ ಊರಿನಲ್ಲಿ ವ್ರತ ಇತ್ತು ಎಂದು ಅಪ್ಪ ಹೇಳಬೇಕು. ಅವ್ವ ಅಪ್ಪನ ಹತ್ತಿರ ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ. ಅವನು ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತ ಕೂತದ್ದು ಮಾತ್ರ ನೋಡಿದೆ. ಸುಮಿ ಪರೀಕ್ಷೆ ಪಾಸಾಗಿದ್ದಳು. ಶಾಲೆ ಶುರುವಾಗುವ ಮೊದಲೇ ಅವಳು ಆ ಹಳ್ಳಿಯ ಬಾವಿಯಿಂದ ಮಡಿನೀರು ಸೇದುತ್ತಿರಬೇಕಾಗಿತ್ತು.

ನಿಶ್ಚಯಕ್ಕೆ ಅವರು ಐದಾರು ಜನ ಬಂದರು. ಗಂಡಸರೆಲ್ಲ ರೇಷ್ಮೆಯ ಮಡಿ ಉಟ್ಟಿದ್ದರು, ಅಜ್ಜನೂ ಅಪ್ಪನೂ ಸಹ. ಪಡಸಾಲೆಯಲ್ಲಿ ಮಣೆ ಹಾಕಿ, ರಂಗೋಲಿ ಬರೆದು, ಸುಮಿಗೆ ಅವ್ವನ ಸೀರೆ ಉಡಿಸಿ ಕೂರಿಸಿದರು. ಹುಡುಗನ ತಾಯಿ ಉಡಿ ತುಂಬಲು ಕೊಬ್ಬರಿ, ಉತ್ತತ್ತಿ, ಅಕ್ಕಿ ಹಿಡಿದು ಮುಂದೆ ಬಂದರು. ಸುಮಿ ಸೆರಗು ಒಡ್ಡಬೇಕು. ಅವಳು ಒಡ್ಡಲಿಲ್ಲ. ಎದ್ದು ನಿಂತಳು.

“ನಾ ಹೊರಗಾಗೇನಿ.”

ಅಷ್ಟೇ ಹೇಳಿ ತಿರುಗಿದಳು. ನಡುಮನೆ ದಾಟಿ, ಅಡುಗೆಮನೆ ದಾಟಿ, ಜಗಲಿಗೆ ಹೋಗಿ ಆ ಚಾಪೆಯ ಮೇಲೆ ಕೂತಳು. ಬಾಗಿಲಿಗೆ ಬಾಗಿಲು ಎದುರಿದ್ದ ಮನೆ. ಪಡಸಾಲೆಯಲ್ಲಿದ್ದ ಎಲ್ಲರಿಗೂ ಅವಳು ಕಾಣುತ್ತಿದ್ದಳು. ಕಾಲು ಮಡಚಿ, ಬೆನ್ನು ಗೋಡೆಗೆ ಕೊಟ್ಟು, ನಮ್ಮತ್ತಲೇ ನೋಡುತ್ತಿದ್ದಳು.

ಅಜ್ಜ ಅಡುಗೆಮನೆಯ ಹೊಸ್ತಿಲವರೆಗೆ ಹೋದ.

“ಎದ್ದು ಬಾ.”

ಸುಮಿ ಅಲುಗಲಿಲ್ಲ.

“ಏಳ್ತೀಯೋ ಇಲ್ಲೋ?”

“ಬಂದು ಎಬ್ಬಸ್ರಿ, ಅಜ್ಜಾ.”

ಯಾರು ಎಬ್ಬಿಸುತ್ತಾರೆ? ಇಡೀ ಮನೆಯಲ್ಲಿ ಒಬ್ಬ ಗಂಡಸಿಗೂ ಅವಳನ್ನು ಮುಟ್ಟುವ ಧೈರ್ಯವಿಲ್ಲ. ಹೆಂಗಸರನ್ನು ಮೂಲೆಗೆ ತಳ್ಳಲು ಅವರೇ ಮಾಡಿದ ಕಟ್ಟಳೆ, ಮೊದಲ ಸಲ ಒಬ್ಬ ಹುಡುಗಿಯ ಸುತ್ತ ಕೋಟೆಯಾಗಿ ನಿಂತಿತ್ತು. ಅಜ್ಜ ತನ್ನ ರೇಷ್ಮೆಯ ಅಂಚನ್ನು ಕೈಯಲ್ಲಿ ಎತ್ತಿ ಹಿಡಿದು ಅಲ್ಲೇ ನಿಂತ. ನನಗೆ ಕುಣಿಯಬೇಕು ಅನ್ನಿಸಿತು, ಹೆದರಿಕೆಯಿಂದ ಮೂತ್ರವೂ ಬಂದಂತಾಯಿತು. ಹುಡುಗನ ತಾಯಿಯೇ ಮೊದಲು ಸುಧಾರಿಸಿಕೊಂಡರು.

“ಆಗ್ಲಿ ಬಿಡ್ರಿ. ಇವತ್ತ ಮೊದಲ ಸಲಾ ಅಂದ್ರ ಏನ ಮಾಡ್ಲಿಕ್ಕೆ ಬರ್ತದ? ಶಾಂತಿ ಮಾಡಿಸಿ ಇದ ತಿಂಗಳಾಗ ಅಕ್ಷತಿ ಹಾಕಿಬಿಡೋಣು.”

ಅಜ್ಜನ ಮುಖ ಸಡಿಲವಾಯಿತು. ಆಗ ಅವ್ವ ನಡುಮನೆಯ ಬಾಗಿಲಿಗೆ ಬಂದಳು, ಸೊಂಟದ ಮೇಲೆ ಶ್ರೀಧರ. ಮಾವನ ಮುಂದೆ, ಬೀಗರ ಮುಂದೆ ಅವಳು ಬಾಯಿ ತೆರೆದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ಮೊದಲಲ್ಲರಿ. ಎಂಟು ತಿಂಗಳಾತು. ಆಕಿ ಬದಲಿ ನಾ ಕೂತೇನಿ.”

ಹುಡುಗನ ಅಪ್ಪ ಎದ್ದು ಉತ್ತರೀಯ ಕೊಡವಿದರು. ಗೆಳೆಯನ ಮುಖವನ್ನೂ ನೋಡದೆ, ನೀವು ಇದನ್ನ ಹೇಳಬೇಕಾಗಿತ್ತು ಎಂದಷ್ಟೇ ಹೇಳಿ ಹೊರನಡೆದರು. ಅವರ ಹಿಂದೆ ಉಳಿದವರು. ಕೊಬ್ಬರಿ ಉತ್ತತ್ತಿ ಮಣೆಯ ಪಕ್ಕದಲ್ಲೇ ಉಳಿದವು. ಅಜ್ಜ ಅವ್ವನ ಜೊತೆ ಮಾತಾಡಲಿಲ್ಲ. ಎಂಟು ತಿಂಗಳು ಮೈಲಿಗೆಯ ಮನೆಯಲ್ಲಿ ಉಂಡೆನಲ್ಲ ಎನ್ನುವುದೇ ಅವನ ಸಂಕಟ. ಅತ್ಯಾನನ್ನು ಕರೆದ.

“ಅಂಬಾ, ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಗೊತ್ತಿದ್ದೂ ನನಗ ಬಡಿಸಿದಿ?”

“ಬಡಿಸಿದೆ.”

ಅಂದಿನಿಂದ ಅಜ್ಜ ಸ್ವಯಂಪಾಕಕ್ಕೆ ಇಳಿದ. ಪಡಸಾಲೆಯ ಮೂಲೆಯಲ್ಲಿ ಒಂದು ಇದ್ದಿಲ ಶೇಗಡಿ ಇಟ್ಟು ತಾನೇ ಅನ್ನ ಬೇಯಿಸಿಕೊಳ್ಳುತ್ತಿದ್ದ. ಬೇಯಿಸಿಕೊಳ್ಳುತ್ತಿದ್ದ ಅನ್ನುವುದು ದೊಡ್ಡ ಮಾತು. ಒಮ್ಮೆ ತಳ ಹತ್ತುತ್ತಿತ್ತು, ಒಮ್ಮೆ ಅರೆಬೆಂದಿರುತ್ತಿತ್ತು. ಎಪ್ಪತ್ತು ವರ್ಷ ಹೆಂಗಸರ ಕೈಯ ಊಟ ಉಂಡವನಿಗೆ ಅಕ್ಕಿಗೆ ನೀರೆಷ್ಟು ಎನ್ನುವುದು ಯಾವ ಶಾಸ್ತ್ರದಲ್ಲೂ ಸಿಕ್ಕಿರಲಿಲ್ಲ. ಬಂದ ಜನ ಅದನ್ನೂ ಕಂಡು, ಈ ವಯಸ್ಸಿನಲ್ಲಿ ಎಂಥ ನಿಷ್ಠೆ ಎಂದು ಕೈ ಮುಗಿಯುತ್ತಿದ್ದರು. ಅವ್ವನಿಗೆ ದೇವರ ಕೋಣೆ ಬಂದ್ ಆಯಿತು. ಅತ್ಯಾನ ಜೊತೆ ಅಜ್ಜ ಮಾತು ಬಿಟ್ಟ. ಅವಳು ಎಂದಿನಂತೆ ಎದ್ದು, ಎಂದಿನಂತೆ ಮಿಂದು, ನಮಗೆಲ್ಲ ಅಡುಗೆ ಮಾಡುತ್ತಿದ್ದಳು. ಅಪ್ಪ ಒಂದು ಸಂಜೆ ಶೇಗಡಿಗೆ ಇದ್ದಿಲು ತುಂಬುತ್ತ, ಹದಿನೈದು ಆಗುವವರೆಗೆ ಸುಮಿಯ ಮದುವೆಯ ಮಾತು ತಾನು ಎಲ್ಲೂ ಆಡುವುದಿಲ್ಲ ಎಂದ. ಇದ್ದಿಲಿನ ಕಡೆ ನೋಡುತ್ತಲೇ ಅಂದ, ಆದರೂ ಅಂದ. ಸುದ್ದಿ ವೈದಿಕರ ಮನೆಗಳಿಗೆಲ್ಲ ಹರಡಿತ್ತು, ಆ ಬಳಗದಲ್ಲಿ ಇನ್ನು ಅವಳಿಗೆ ಗಂಡು ಸಿಗುವಂತಿರಲಿಲ್ಲ. ಶಾಲೆ ಶುರುವಾದ ದಿನ ಸುಮಿ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಎಂಟನೆಯ ಇಯತ್ತೆಗೆ ಹೋದಳು. ಮುಂದೆ ನರ್ಸ್ ಆದಳು, ಮೂವತ್ತರ ಹತ್ತಿರ ತಾನೇ ಒಬ್ಬರನ್ನು ಮೆಚ್ಚಿ ಮದುವೆಯಾದಳು. ನನ್ನ ಸರದಿ ಬರಲೇ ಇಲ್ಲ. ನಾನು ಓದಿದ ಒಂದೊಂದು ಅಕ್ಷರವೂ ಆ ಚಾಪೆಯ ಮೇಲೆ ಕೂತ ಇಬ್ಬರ ಋಣ.

ಇನ್ನು ಆ ಸನ್ಮಾನದ ಕಥೆಯ ಮೂಲ. ಆ ವರ್ಷದ ಮಳೆ ಶುರುವಾಗಿತ್ತು. ಕನ್ನಡದವರ ಸಂಘದ ಇಬ್ಬರು ಹಿರಿಯರು ಅಜ್ಜನನ್ನು ನೋಡಲು ಬಂದರು, ಒಬ್ಬರು ಹೋಟೆಲಿನವರು, ಒಬ್ಬರು ನಿವೃತ್ತ ಹೆಡ್‌ಮಾಸ್ತರು. ಮೊಮ್ಮಗಳ ಸಂಬಂಧ ತಪ್ಪಿತಂತೆ, ಯಾಕೆ ಎಂದು ಹೆಡ್‌ಮಾಸ್ತರು ಮೆಲ್ಲಗೆ ಕೇಳಿದರು. ನಾನು ಬಾಗಿಲ ಸಂದಿಯಲ್ಲಿದ್ದೆ. ನಿಜ ಹೇಳಿದರೆ ಮಾನ ಹೋಗುತ್ತದೆ. ಅಜ್ಜ ಕಣ್ಣು ಮುಚ್ಚಿ, ಬಟ್ಟೆ ವ್ಯಾಪಾರಿಗೆ ಹೇಳಿದ್ದ ಅದೇ ಶ್ಲೋಕ ಹೇಳಿದ.

“ಶಾಸ್ತ್ರದಾಗ ಎರಡು ಮಾತದ. ದೊಡ್ಡಾಕಿ ಆದ ಮ್ಯಾಲ ಮೂರು ವರ್ಷ ಹುಡುಗಿ ಕಾಯಬಹುದು, ಆಮ್ಯಾಲ ತಾನ ಆರಿಸ್ಕೋಬಹುದು. ಕಾಲಾ ನೋಡಿ ನಾನು ಇದನ್ನ ಹಿಡದೇನಿ. ನಾನ ಬ್ಯಾಡ ಅಂದೆ. ಓದ್ಲಿ ಹುಡುಗಿ.”

ಹೆಡ್‌ಮಾಸ್ತರ ಕಣ್ಣು ತುಂಬಿ ಬಂತು. ಹೋಟೆಲಿನವರು, ಇಂಥ ದೊಡ್ಡ ಮನಸ್ಸಿಗೆ ನಾವೊಂದು ಶಾಲು ಹೊದೆಸದಿದ್ದರೆ ಹೇಗೆ ಅಂದರು. ನನ್ನ ಪಕ್ಕದಲ್ಲಿ ಅವ್ವ ನಿಂತಿದ್ದಳು, ಕಷಾಯ ಕುಡಿದು ಕುಡಿದು ಕೆಟ್ಟ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ಅವಳ ಉಸಿರು ನನಗೆ ಕೇಳುತ್ತಿತ್ತು. ನಾನು ಒಳಗೆ ನುಗ್ಗಿ ಕೂಗಬೇಕೆಂದು ಹೆಜ್ಜೆ ಎತ್ತಿದೆ. ಅಷ್ಟರಲ್ಲಿ ನಮ್ಮಿಬ್ಬರನ್ನೂ ಸರಿಸಿ ಅತ್ಯಾ ಪಡಸಾಲೆಗೆ ಹೋದಳು. ಹೊರಗಿನ ಗಂಡಸರ ಮುಂದೆ, ಶುಭದ ಮಾತು ನಡೆಯುವಾಗ, ಆ ಕೆಂಪು ಸೀರೆಯಲ್ಲಿ. ಬಂದವರು ಗಲಿಬಿಲಿಯಾಗಿ ಮುಖ ತಿರುಗಿಸಿದರು.

“ಅಪ್ಪಾ, ಈ ಎರಡನೇ ಮಾತು ನಿಮಗ ಯಾವಾಗಿಂದ ಗೊತ್ತು?”

ಅಜ್ಜನಿಗೆ ಅದು ಎಷ್ಟೋ ವರ್ಷಗಳಿಂದ ಜನ ಕೇಳುತ್ತ ಬಂದ ಪ್ರಶ್ನೆ. ಕೇಳಿದವರು ಯಾರೆಂದು ನೋಡುವ ಮೊದಲೇ ಜಂಬ ಉತ್ತರ ಕೊಟ್ಟುಬಿಟ್ಟಿತು.

“ಹನ್ನೆರಡು ವರ್ಷದಾಂವ ಇದ್ದಾಗ ಎಲ್ಲಾ ಬಾಯಿಪಾಠ ಆಗಿತ್ತು.”

ಆಮೇಲೆ ಅವನು ತಲೆ ಎತ್ತಿದ. ಅತ್ಯಾ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನಿಂತಿದ್ದಳು.

“ಹಂಗಾರ ನನ್ನ ಲಗ್ನದಾಗೂ ಗೊತ್ತಿತ್ತು,” ಅಂದಳು.